ಹತ್ತಿಗೆ ಮೈಕೋರೈಜಾ ಹಾಕಿದರೂ ವ್ಯತ್ಯಾಸ ಕಾಣುತ್ತಿಲ್ಲ: ತಪ್ಪು ಪುಡಿಯದೋ, ಡಿಎಪಿಯದೋ?

ಎರೆಹೊಲ

ಎಲ್ಲರಿಗೂ ನಮಸ್ಕಾರ. ಕಳೆದ ಎರಡು ಹಂಗಾಮುಗಳಿಂದ ಹತ್ತಿಗೆ ಮೈಕೋರೈಜಾ ಪುಡಿಯನ್ನು ಬಳಸುತ್ತಿದ್ದೇನೆ. ಹಲವರು ಇನ್ನೂ ವ್ಯಾಮ್ ಎಂದೇ ಕರೆಯುವ ಬೇರು ಶಿಲೀಂಧ್ರ ಇದು. ಚೀಲದ ಮೇಲೆ ಸೂಚಿಸಿದ್ದ ಪ್ರಮಾಣದಲ್ಲಿಯೇ ಅದನ್ನು ಕೊಟ್ಟಿಗೆ ಗೊಬ್ಬರದೊಂದಿಗೆ ಬೆರೆಸಿ, ಬಿತ್ತನೆಗೆ ಮೊದಲು ಸಾಲಿನುದ್ದಕ್ಕೂ ಉದುರಿಸಿದ್ದೆ. ಜೊತೆಗೆ ಎಂದಿನಂತೆ ರಂಜಕದ ಗೊಬ್ಬರವಾದ ಡಿಎಪಿಯನ್ನು (ಡೈ ಅಮೋನಿಯಂ ಫಾಸ್ಫೇಟ್) ಪೂರ್ಣ ಪ್ರಮಾಣದಲ್ಲಿ ತಳಗೊಬ್ಬರವಾಗಿ ಕೊಟ್ಟು, ಯೂರಿಯಾವನ್ನು ಮೂರು ಕಂತುಗಳಲ್ಲಿ ಮೇಲುಗೊಬ್ಬರವಾಗಿ ಹಾಕಿದ್ದೇನೆ. ಹೋಲಿಕೆಗೆಂದು ಪುಡಿ ಹಾಕದೆ ಬಿಟ್ಟಿದ್ದ ಸಾಲುಗಳಿಗೂ ಉಳಿದ ಸಾಲುಗಳಿಗೂ ಗಿಡದ ಎತ್ತರದಲ್ಲಾಗಲಿ, ಕಾಯಿಗಳ ಸಂಖ್ಯೆಯಲ್ಲಾಗಲಿ, ಬಿಡಿಸಿದ ಹತ್ತಿಯ ತೂಕದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಎರಡೂ ವರ್ಷ ಕಾಣಲಿಲ್ಲ.

ಈ ಹಂಗಾಮಿನ ಬಿತ್ತನೆ ಮುಗಿದು ಎರಡು ವಾರಗಳಾಗಿವೆ. ಈ ಬಾರಿಯೂ ಅದೇ ಕ್ರಮವನ್ನು ಅನುಸರಿಸಿದ್ದೇನೆ. ಹೊಲ ಜಿಗುಟಾದ ಕಪ್ಪು ಮಣ್ಣಿನದು, ಸುಣ್ಣದ ಅಂಶವಿದೆ, ರಸಸಾರ (ಪಿಎಚ್) 8ಕ್ಕಿಂತ ಮೇಲಿದೆ. ಮಣ್ಣು ಪರೀಕ್ಷೆಯ ವರದಿಯಲ್ಲಿ ಲಭ್ಯ ರಂಜಕ ‘ಹೆಚ್ಚು’ ಎಂದೂ, ಸತು ‘ಕಡಿಮೆ’ ಎಂದೂ ಇದೆ. ತಪ್ಪಿರುವುದು ಪುಡಿಯಲ್ಲೋ, ನಾನು ಹಾಕಿದ ರೀತಿಯಲ್ಲೋ ಅಥವಾ ಇಂಥ ಮಣ್ಣಿಗೆ ಇದರ ಅಗತ್ಯವೇ ಇಲ್ಲವೋ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಬೇರುನೋಟ

ಎರೆಹೊಲ ಅವರೇ, ನಿಮ್ಮ ಪ್ರಶ್ನೆಗೆ ಉತ್ತರದ ಮುಕ್ಕಾಲು ಭಾಗ ನಿಮ್ಮ ಮಣ್ಣು ಪರೀಕ್ಷೆಯ ವರದಿಯಲ್ಲಿಯೇ ಇದೆ. ಲಭ್ಯ ರಂಜಕ ಈಗಾಗಲೇ ಹೆಚ್ಚಿರುವ ಮಣ್ಣಿಗೆ ಪೂರ್ಣ ಪ್ರಮಾಣದ ಡಿಎಪಿಯನ್ನು ಸಾಲಿನಲ್ಲಿಯೇ ಸುರಿದ ಮೇಲೆ, ರಂಜಕವನ್ನು ಹುಡುಕಿ ತರುವುದೇ ಮುಖ್ಯ ಕೆಲಸವಾಗಿರುವ ಶಿಲೀಂಧ್ರಕ್ಕೆ ಹತ್ತಿ ಗಿಡವು ಬಾಗಿಲು ತೆರೆಯುವುದಾದರೂ ಏಕೆ?

ಸ್ವಲ್ಪ ವಿವರವಾಗಿ ಹೇಳುತ್ತೇನೆ. ಗಿಡ ಹೀರುವ ರಂಜಕದ ರೂಪವಾದ ಫಾಸ್ಫೇಟ್ ಎಂಬುದು ಮಣ್ಣಿನಲ್ಲಿ, ಸಾರಜನಕದ ರೂಪವಾದ ನೈಟ್ರೇಟಿನಂತೆ ನೀರಿನೊಡನೆ ಹರಿದು ಬರುವ ವಸ್ತುವಲ್ಲ. ಅದು ಮಣ್ಣಿನ ಕಣಗಳಿಗೂ ಸುಣ್ಣಕ್ಕೂ ಅಂಟಿಕೊಳ್ಳುತ್ತದೆ ಮತ್ತು ಒಂದು ದಿನದಲ್ಲಿ ಒಂದು ಮಿಲಿಮೀಟರ್‌ಗಿಂತಲೂ ತೀರ ಕಡಿಮೆ ದೂರ ಸರಿಯುತ್ತದೆ. ಹೀಗಾಗಿ ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರ್ ಮಣ್ಣಿನಲ್ಲಿದ್ದ ರಂಜಕವನ್ನು ಬೇಗನೆ ಖಾಲಿ ಮಾಡಿಬಿಡುತ್ತದೆ. ಅದರಾಚೆ ಎಷ್ಟೇ ರಂಜಕವಿದ್ದರೂ ಬೇರಿನ ಪಾಲಿಗೆ ಅದು ಇಲ್ಲದಂತೆಯೇ. ಬೇರಿನೊಳಗೆ ನೆಲೆಸಿದ ಮೈಕೋರೈಜಾದ ಎಳೆಗಳು ಆ ಬರಡು ವಲಯವನ್ನು ದಾಟಿ ಹಲವು ಸೆಂಟಿಮೀಟರ್ ದೂರಕ್ಕೆ ಚಾಚಿಕೊಳ್ಳುತ್ತವೆ. ಎಳೆಯ ದಪ್ಪ ಸುಮಾರು 2ರಿಂದ 10 ಮೈಕ್ರಾನ್ ಮಾತ್ರವಾದ್ದರಿಂದ ಬೇರು ನುಗ್ಗಲಾರದ ಸಂದುಗಳಲ್ಲಿಯೂ ಅದು ನುಗ್ಗುತ್ತದೆ. ಸತುವೂ ಫಾಸ್ಫೇಟಿನಂತೆಯೇ ನಿಧಾನವಾಗಿ ಚಲಿಸುವುದರಿಂದ ಅದರ ಸಾಗಾಟದಲ್ಲಿಯೂ ಈ ಎಳೆಗಳ ಪಾಲು ದೊಡ್ಡದು. ನಿಮ್ಮ ವರದಿಯಲ್ಲಿ ರಂಜಕ ಹೆಚ್ಚಾಗಿ ಸತು ಕಡಿಮೆ ಇರುವಾಗ, ಶಿಲೀಂಧ್ರವನ್ನು ಡಿಎಪಿಯಿಂದ ಹೊರದೂಡಿದರೆ ಸತುವಿನ ಕೊರತೆ ಇನ್ನಷ್ಟು ಎದ್ದು ಕಾಣುವ ಸಂಭವವಿದೆ.

ಈ ಸೇವೆ ಪುಕ್ಕಟೆಯಲ್ಲ. ಗಿಡವು ದ್ಯುತಿಸಂಶ್ಲೇಷಣೆಯಿಂದ ಗಳಿಸಿದ ಇಂಗಾಲದಲ್ಲಿ ಶೇ. 4ರಿಂದ 20ರಷ್ಟನ್ನು ಸಕ್ಕರೆ ಮತ್ತು ಕೊಬ್ಬಿನ ರೂಪದಲ್ಲಿ ಶಿಲೀಂಧ್ರಕ್ಕೆ ಕೊಡುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ರಂಜಕವು ಬೇರಿನ ಬಳಿಯೇ ಹೇರಳವಾಗಿ ಸಿಗುವಾಗ ಇಷ್ಟು ಬಾಡಿಗೆ ತೆರುವುದು ನಷ್ಟದ ಬಾಬತ್ತು. ಆದ್ದರಿಂದ ಗಿಡವು ಶಿಲೀಂಧ್ರವನ್ನು ಕರೆಯುವುದನ್ನೇ ಕಡಿಮೆ ಮಾಡುತ್ತದೆ.

‘ಕರೆಯುವುದು’ ಎಂದದ್ದು ಅಲಂಕಾರದ ಮಾತಲ್ಲ, ಮತ್ತು ಆ ಕರೆಯ ಕಥೆ ಶುರುವಾಗುವುದೇ ಹತ್ತಿಯ ಬೇರಿನಿಂದ. ಸ್ಟ್ರೈಗಾ ಎಂಬ ಪರಾವಲಂಬಿ ಕಳೆಯ ಬೀಜವನ್ನು ಮೊಳೆಯಿಸುವ ವಸ್ತು ಯಾವುದೆಂದು ಹುಡುಕುತ್ತಿದ್ದ ವಿಜ್ಞಾನಿಗಳು 1966ರಲ್ಲಿ ಹತ್ತಿಯ ಬೇರಿನ ಸ್ರಾವದಿಂದ ಸ್ಟ್ರೈಗಾಲ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ವಿಚಿತ್ರವೆಂದರೆ ಆ ಕಳೆ ಹತ್ತಿಯ ಮೇಲೆ ಬೆಳೆಯುವುದೇ ಇಲ್ಲ. ಹಾಗಿದ್ದರೆ ತನಗೆ ಪ್ರಯೋಜನವಿಲ್ಲದ ಇಂಥ ವಸ್ತುವನ್ನು ಹತ್ತಿ ಮಣ್ಣಿಗೆ ಬಿಡುವುದೇಕೆ ಎಂಬ ಒಗಟು ಸುಮಾರು ನಾಲ್ಕು ದಶಕ ಹಾಗೆಯೇ ಉಳಿಯಿತು. 2005ರಲ್ಲಿ ಜಪಾನಿನ ಸಂಶೋಧಕರು, ಇದೇ ಬಳಗದ ಸ್ಟ್ರೈಗೊಲ್ಯಾಕ್ಟೋನ್‌ಗಳು ಮೈಕೋರೈಜಾದ ಎಳೆಗಳನ್ನು ಬೇರಿನ ಬಳಿ ಕವಲೊಡೆಯುವಂತೆ ಪ್ರಚೋದಿಸುತ್ತವೆ ಎಂದು ತೋರಿಸಿದಾಗ ಒಗಟು ಬಿಡಿಸಿಕೊಂಡಿತು. ಗಿಡ ಕರೆಯುತ್ತಿದ್ದದ್ದು ಶಿಲೀಂಧ್ರವನ್ನು. ಕಳೆಯು ಆ ಕರೆಯನ್ನು ಕದ್ದು ಕೇಳುತ್ತಿತ್ತು. ಗಿಡದೊಳಗೆ ರಂಜಕ ತುಂಬಿದಂತೆ ಈ ಸ್ರಾವವು ಇಳಿಯುತ್ತದೆ.

ನಿಮ್ಮ ಪುಡಿ ಒಳ್ಳೆಯದೇ ಇದ್ದಿರಬಹುದು. ಆದರೆ ಉಂಡು ಕೈ ತೊಳೆದವರ ಮುಂದೆ ಮತ್ತೆ ಎಲೆ ಹಾಕಿದಂತಾಗಿದೆ.

ಲೆಕ್ಕದ ಪುಸ್ತಕ

ಬೇರುನೋಟ ಅವರು ಹೇಳಿದ್ದು ಸರಿ. ಆದರೆ ಇದನ್ನು ಓದಿ ಮುಂದಿನ ಬಾರಿ ಯಾರಾದರೂ ಡಿಎಪಿಯನ್ನು ಒಮ್ಮೆಲೇ ಅರ್ಧಕ್ಕಿಳಿಸಿ ಕೈ ಸುಟ್ಟುಕೊಳ್ಳುವ ಮೊದಲು ಎರಡು ಲೆಕ್ಕಗಳನ್ನು ಮುಂದಿಡಬೇಕಾಗಿದೆ.

ಒಂದನೆಯದು ಸಾರಜನಕದ್ದು. ಡಿಎಪಿ ಬರೀ ರಂಜಕದ ಗೊಬ್ಬರವಲ್ಲ. 100 ಕಿಲೋ ಡಿಎಪಿಯಲ್ಲಿ 46 ಕಿಲೋ ಪಿ2ಒ5 (ಗೊಬ್ಬರದ ರಂಜಕವನ್ನು ಲೆಕ್ಕಹಾಕುವ ರೂಪ) ಜೊತೆಗೆ 18 ಕಿಲೋ ಸಾರಜನಕವೂ ಇರುತ್ತದೆ. 50 ಕಿಲೋ ಡಿಎಪಿಯನ್ನು ಕಡಿತ ಮಾಡಿದವರು 9 ಕಿಲೋ ಸಾರಜನಕವನ್ನೂ ಕಡಿತ ಮಾಡಿರುತ್ತಾರೆ, ಅದನ್ನು ತುಂಬಲು ಸುಮಾರು 20 ಕಿಲೋ ಯೂರಿಯಾ ಬೇಕು. ಇದನ್ನು ಮರೆತು, ಗಿಡ ಹಳದಿಯಾದಾಗ ‘ಶಿಲೀಂಧ್ರ ಕೈಕೊಟ್ಟಿತು’ ಎಂದು ತೀರ್ಮಾನಿಸಿದವರನ್ನು ನಾನು ನೋಡಿದ್ದೇನೆ. ಮೈಕೋರೈಜಾ ಮಣ್ಣಿನಲ್ಲಿರುವ ಸಾರಜನಕವನ್ನು ಸ್ವಲ್ಪಮಟ್ಟಿಗೆ ಸಾಗಿಸುತ್ತದೆಯಾದರೂ, ಹತ್ತಿಯಂಥ ದೀರ್ಘಾವಧಿ ಬೆಳೆಯ ಸಾರಜನಕದ ಅಗತ್ಯವನ್ನು ಅದರ ಹೆಗಲಿಗೇರಿಸುವುದು ತಪ್ಪು. ಪೊಟ್ಯಾಷಿನ ವಿಷಯವೂ ಹೀಗೆಯೇ. ಕಾಯಿ ತುಂಬುವ ಹೊತ್ತಿನಲ್ಲಿ ಹತ್ತಿಯ ನಾರಿನ ಜೀವಕೋಶವು ನೀಳವಾಗುವುದು ಅದರೊಳಗಿನ ನೀರಿನ ಒತ್ತಡದಿಂದ, ಆ ಒತ್ತಡವನ್ನು ಕಾಯುವುದರಲ್ಲಿ ಪೊಟ್ಯಾಷಿಯಂ ಪ್ರಧಾನ. ಅದನ್ನು ಚೀಲದಿಂದಲೇ ಕೊಡಬೇಕು.

ಎರಡನೆಯದು ಉಳಿತಾಯದ್ದು. ದ್ವಿದಳ ಧಾನ್ಯದ ಬೇರಿನ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯಿಂದ ಸಾರಜನಕವನ್ನು ಹಿಡಿದು ತರುತ್ತದೆ, ಅದು ನಿಜವಾದ ಆದಾಯ. ಗಾಳಿಯಲ್ಲಿ ಅಂಥ ರಂಜಕದ ಭಂಡಾರವಿಲ್ಲ. ಮೈಕೋರೈಜಾ ಮಾಡುವುದು ಮಣ್ಣಿನಲ್ಲಿ ಈಗಾಗಲೇ ಇರುವ ಠೇವಣಿಯನ್ನು ಬಿಡಿಸಿಕೊಡುವ ಕೆಲಸವನ್ನು ಮಾತ್ರ. ವರ್ಷಗಳಿಂದ ಹಾಕಿದ ಡಿಎಪಿಯ ಬಹುಪಾಲು ಆಯಾ ವರ್ಷ ಬೆಳೆಗೆ ದಕ್ಕದೆ ಮಣ್ಣಿನಲ್ಲಿ ಉಳಿದಿರುವ ಎರೆಹೊಲ ಅವರಂಥವರಿಗೆ ಇದು ವರದಾನ. ಆದರೆ ಹತ್ತಿಬೀಜದೊಂದಿಗೆ ಪ್ರತಿ ವರ್ಷವೂ ರಂಜಕ ಹೊಲದಿಂದ ಹೊರಹೋಗುತ್ತಲೇ ಇರುತ್ತದೆ. ಮಣ್ಣಿನಲ್ಲಿ ಮೊದಲೇ ಏನೂ ಇಲ್ಲದವರು ಶಿಲೀಂಧ್ರವನ್ನು ನಂಬಿ ರಂಜಕವನ್ನು ನಿಲ್ಲಿಸಿದರೆ ಖಾಲಿ ಖಾತೆಗೆ ಚೆಕ್ ಬರೆದಂತೆ.

ಚಿಗುರು

ನನ್ನದೊಂದು ಪ್ರಾಥಮಿಕ ಸಂದೇಹವಿದೆ, ದಯವಿಟ್ಟು ಬೇಸರಿಸಿಕೊಳ್ಳಬೇಡಿ. ನಾನು ಹತ್ತಿಬೀಜಕ್ಕೆ ಟ್ರೈಕೋಡರ್ಮಾ ಲೇಪಿಸಿ ಬಿತ್ತುತ್ತೇನೆ. ಅದೂ ಒಳ್ಳೆಯ ಶಿಲೀಂಧ್ರವೇ ಅಲ್ಲವೇ? ಅದನ್ನು ಹಾಕಿದವರೂ ಡಿಎಪಿಯನ್ನು ಕಡಿಮೆ ಮಾಡಬಹುದೇ? ಇನ್ನೊಂದು ವಿಷಯ: ಒಂದು ಪೊಟ್ಟಣ ಮೈಕೋರೈಜಾವನ್ನು ಸಕ್ಕರೆ ದ್ರಾವಣದ ಡ್ರಮ್ಮಿನಲ್ಲಿ ಒಂದು ವಾರ ಕೊಳೆಹಾಕಿದರೆ ಅದು ನೂರುಪಟ್ಟಾಗುತ್ತದೆ ಎಂದು ಒಂದು ವಿಡಿಯೋದಲ್ಲಿ ನೋಡಿದೆ. ಯಾರಾದರೂ ಮಾಡಿ ನೋಡಿದ್ದೀರಾ?

ಮಣ್ಣುಹುಳು

ಚಿಗುರು ಅವರೇ, ಬೇಸರವೇನೂ ಇಲ್ಲ. ಈ ಗೊಂದಲ ಬಹಳ ಜನರಲ್ಲಿದೆ. ‘ಉಪಯುಕ್ತ ಶಿಲೀಂಧ್ರ’ ಎಂಬ ಒಂದೇ ಹಣೆಪಟ್ಟಿಯ ಕೆಳಗೆ ಮೂರು ಬೇರೆಬೇರೆ ಕಸುಬಿನವರನ್ನು ಕೂರಿಸಿರುವುದರಿಂದ ಹೀಗಾಗಿದೆ.

ಟ್ರೈಕೋಡರ್ಮಾ ಕಾವಲುಗಾರ. ಅದು ಮಣ್ಣಿನಲ್ಲಿ ಸ್ವತಂತ್ರವಾಗಿ ಬದುಕುತ್ತದೆ, ಕೊಳೆಯುವ ಪದಾರ್ಥಗಳ ಮೇಲೂ ಇತರ ಶಿಲೀಂಧ್ರಗಳ ಮೇಲೂ ಜೀವಿಸುತ್ತದೆ. ಮೊಳಕೆಯ ಹಂತದಲ್ಲಿ ಹತ್ತಿಯ ಸಸಿಗಳನ್ನು ಸಾಯಿಸುವ ರೈಜೋಕ್ಟೋನಿಯಾ, ಪಿಥಿಯಂ ಮುಂತಾದ ರೋಗಾಣುಗಳನ್ನು ಅದು ತಡೆಯುತ್ತದೆ. ಸಸಿಗಳು ಸಾಯದೆ ಉಳಿದರೆ ಅದೇ ದೊಡ್ಡ ಲಾಭ, ಆದರೆ ರಂಜಕದ ಲೆಕ್ಕದಲ್ಲಿ ಅದನ್ನು ನಂಬಿ ಗೊಬ್ಬರ ಕಡಿಮೆ ಮಾಡುವಂತಿಲ್ಲ. ಎರಡನೆಯವರು ಆಸ್ಪರ್ಜಿಲಸ್, ಪೆನಿಸಿಲಿಯಂ ಬಳಗದ ರಂಜಕ ಕರಗಿಸುವ ಶಿಲೀಂಧ್ರಗಳು. ಇವು ಸಿಟ್ರಿಕ್, ಆಕ್ಸಾಲಿಕ್ ಮುಂತಾದ ಆಮ್ಲಗಳನ್ನು ಬಿಟ್ಟು ಗಟ್ಟಿ ಫಾಸ್ಫೇಟನ್ನು ಕರಗಿಸುತ್ತವೆ. ಪ್ರಯೋಗಾಲಯದ ತಟ್ಟೆಯಲ್ಲಿ ಇವುಗಳ ಸುತ್ತ ಮೂಡುವ ತಿಳಿಯಾದ ವೃತ್ತ ನೋಡಲು ಬಲು ಸೊಗಸು, ಆದರೆ ಸುಣ್ಣ ತುಂಬಿದ ಹೊಲದಲ್ಲಿ ಆ ಆಮ್ಲವನ್ನು ಸುಣ್ಣವೇ ಕುಡಿದುಬಿಡುವುದರಿಂದ ತಟ್ಟೆಯ ಫಲಿತಾಂಶವನ್ನು ಹೊಲಕ್ಕೆ ನೇರವಾಗಿ ಅನ್ವಯಿಸಬಾರದು. ಮೂರನೆಯದು ಇಲ್ಲಿ ಚರ್ಚೆಯಾಗುತ್ತಿರುವ ಮೈಕೋರೈಜಾ. ಅದು ಕಾವಲುಗಾರನೂ ಅಲ್ಲ, ಕರಗಿಸುವವನೂ ಅಲ್ಲ, ಮುಖ್ಯವಾಗಿ ಸಾಗಿಸುವವನು.

ನಿಮ್ಮ ಡ್ರಮ್ಮಿನ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಮೈಕೋರೈಜಾ ಜೀವಂತ ಬೇರಿಲ್ಲದೆ ತನ್ನ ಬದುಕನ್ನು ಪೂರೈಸಲಾರದು. ತನಗೆ ಬೇಕಾದ ಕೊಬ್ಬಿನಾಮ್ಲಗಳಿಗೂ ಅದು ಗಿಡವನ್ನೇ ಅವಲಂಬಿಸಿದೆ. ಆದ್ದರಿಂದಲೇ ಅದನ್ನು ಜೋಳ, ಮೆಕ್ಕೆಜೋಳದಂಥ ಗಿಡಗಳ ಬೇರಿನ ಮೇಲೆ ಕುಂಡಗಳಲ್ಲಿ ಮೂರು ನಾಲ್ಕು ತಿಂಗಳು ಬೆಳೆಸಬೇಕಾಗುತ್ತದೆ, ಇಲ್ಲವೇ ಪ್ರಯೋಗಾಲಯದಲ್ಲಿ ಕ್ಯಾರೆಟ್ಟಿನ ಬೇರಿನ ಅಂಗಾಂಶದ ಮೇಲೆ ಬೆಳೆಸಬೇಕಾಗುತ್ತದೆ. ಡ್ರಮ್ಮಿನಲ್ಲಿ ಒಂದು ವಾರದಲ್ಲಿ ನೂರುಪಟ್ಟಾಗುವುದು ಏನಾದರೂ ಇದ್ದರೆ ಅದು ಯೀಸ್ಟ್ ಮತ್ತು ಬ್ಯಾಕ್ಟೀರಿಯಾ.

ಬೀಜೋಪಚಾರದ ಬಗ್ಗೆಯೂ ಒಂದು ಮಾತು. ಬೆನೊಮಿಲ್ ಎಂಬ ಶಿಲೀಂಧ್ರನಾಶಕ ಮತ್ತು ಅದು ಒಡೆದು ಉಂಟಾಗುವ ಕಾರ್ಬೆಂಡೈಜಿಂ ಮೈಕೋರೈಜಾಕ್ಕೆ ಮಾರಕ. ಹೊಲದಲ್ಲಿರುವ ಮೈಕೋರೈಜಾವನ್ನು ಬೇಕೆಂದೇ ಅಡಗಿಸಿ ಅಧ್ಯಯನ ಮಾಡಲು ಸಂಶೋಧಕರು ಬಳಸುತ್ತಿದ್ದದ್ದೇ ಬೆನೊಮಿಲ್. ಮೆಟಲಾಕ್ಸಿಲ್ ಎಂಬ ಇನ್ನೊಂದು ಔಷಧಿ ಗುರಿಯಿಡುವುದು ಪಿಥಿಯಂ ಗುಂಪನ್ನು, ಅವು ನಿಜವಾದ ಶಿಲೀಂಧ್ರಗಳೇ ಅಲ್ಲ. ಹೀಗಾಗಿ ಅದರಿಂದ ಮೈಕೋರೈಜಾಕ್ಕೆ ನೇರ ತೊಂದರೆ ಇಲ್ಲ. ಬೀಜದ ಪೊಟ್ಟಣದ ಮೇಲೆ ಯಾವ ಔಷಧಿ ಲೇಪಿಸಲಾಗಿದೆ ಎಂದು ಓದದೆ ಅದರ ಪಕ್ಕದಲ್ಲಿಯೇ ಮೈಕೋರೈಜಾ ಹಾಕುವುದು ವ್ಯರ್ಥ.

ಅನುಮಾನಿ

ಇದುವರೆಗಿನ ಎಲ್ಲ ಮಾತುಗಳೂ ಪೊಟ್ಟಣದೊಳಗೆ ಜೀವಂತ ಮೈಕೋರೈಜಾ ಇದೆ ಎಂಬ ನಂಬಿಕೆಯ ಮೇಲೆ ನಿಂತಿವೆ. ನಾನು ಅಷ್ಟು ಉದಾರಿಯಲ್ಲ.

ಮೂರು ವರ್ಷಗಳ ಹಿಂದೆ ನಾನು ಕೊಂಡ ಒಂದು ಪುಡಿಯನ್ನು ಹೊಲಕ್ಕೆ ಹಾಕುವ ಮೊದಲು ಪರೀಕ್ಷಿಸಬೇಕೆನಿಸಿತು. ಮರಳನ್ನು ಒತ್ತಡದ ಕುಕ್ಕರಿನಲ್ಲಿ ಎರಡು ದಿನ ಒಂದೊಂದು ಗಂಟೆ ಬೇಯಿಸಿ ಆರಿಸಿ, ಆರು ಕುಂಡಗಳಿಗೆ ತುಂಬಿ, ಮೂರರಲ್ಲಿ ಪುಡಿಯನ್ನು ಬೀಜದ ಕೆಳಗಿಟ್ಟು, ಉಳಿದ ಮೂರರಲ್ಲಿ ಅದೇ ಪುಡಿಯನ್ನು ಬೇಯಿಸಿ ಹಾಕಿ ಮೆಕ್ಕೆಜೋಳ ಬಿತ್ತಿದೆ. ಆರು ವಾರಗಳ ನಂತರ ಬೇರುಗಳಿಗೆ ಬಣ್ಣ ಕೊಟ್ಟು ನೋಡಿದರೆ ಒಂದೇ ಒಂದು ಕುಂಡದಲ್ಲಿಯೂ ಮೈಕೋರೈಜಾದ ಸುಳಿವಿರಲಿಲ್ಲ. ಗಿಡಗಳು ಮಾತ್ರ ಎರಡೂ ಕಡೆ ಒಂದೇ ರೀತಿ ಹುಲುಸಾಗಿದ್ದವು, ಏಕೆಂದರೆ ವಾಹಕವಾಗಿ ಬಳಸಿದ ಪುಡಿಯಲ್ಲಿಯೇ ಪೋಷಕಾಂಶಗಳಿದ್ದವು. ಬೇಯಿಸಿದ ಪುಡಿಯ ಹೋಲಿಕೆ ಇಲ್ಲದೆ, ಪುಡಿ ಹಾಕಿದ ಕುಂಡ ಮತ್ತು ಏನೂ ಹಾಕದ ಕುಂಡ ಎಂದಷ್ಟೇ ನೋಡಿದ್ದರೆ ನಾನೂ ‘ಮೈಕೋರೈಜಾದ ಪವಾಡ’ ಎಂದು ಇಲ್ಲಿ ಬರೆದುಬಿಡುತ್ತಿದ್ದೆ. ಮಾರಿದವರಿಗೆ ತಿಳಿಸಿದಾಗ, ಉಗ್ರಾಣದ ಬಿಸಿಗೆ ಸತ್ತಿರಬಹುದು ಎಂಬ ಉತ್ತರ ಬಂತು. ಇರಲೂಬಹುದು. ಆದರೆ ಕೊಂಡವನಿಗೆ ಎರಡೂ ಒಂದೇ.

ಎಲ್ಲ ಉತ್ಪನ್ನಗಳೂ ಹೀಗೆಯೇ ಎಂದು ಹೇಳುತ್ತಿಲ್ಲ. ಪೊಟ್ಟಣದ ಮೇಲೆ ಪ್ರಭೇದದ ಹೆಸರು, ಒಂದು ಗ್ರಾಂನಲ್ಲಿರುವ ಜೀವಂತ ಬೀಜಕಗಳ (ಶಿಲೀಂಧ್ರ ಮೊಳೆಯುವ ಕಣಗಳ) ಸಂಖ್ಯೆ, ತಯಾರಾದ ದಿನ ಇವು ಮೂರೂ ಇಲ್ಲದಿದ್ದರೆ ಕೊಳ್ಳಬೇಡಿ ಎನ್ನುತ್ತೇನೆ, ಅಷ್ಟೇ. ಹನ್ನೆರಡು ಬಗೆಯ ಸೂಕ್ಷ್ಮಜೀವಿಗಳು ಒಂದೇ ಚೀಲದಲ್ಲಿವೆ ಎಂದು ಬರೆದಿದ್ದರಂತೂ ನನಗೆ ಮೇಲೆ ತಳಕು, ಒಳಗೆ ಹುಳುಕು ಎಂಬ ಗಾದೆಯೇ ನೆನಪಾಗುತ್ತದೆ. ಮತ್ತೊಂದು ಮೂಲಭೂತ ಪ್ರಶ್ನೆ: ಎರೆಹೊಲ ಅವರ ಮಣ್ಣಿನಲ್ಲಿ ಮೈಕೋರೈಜಾ ಮೊದಲೇ ಇಲ್ಲವೆಂದು ಯಾರು ಹೇಳಿದರು? ನೆಲದ ಮೇಲಿನ ಸಸ್ಯ ಪ್ರಭೇದಗಳಲ್ಲಿ ಶೇ. 70ಕ್ಕಿಂತ ಹೆಚ್ಚಿನವು ಈ ಶಿಲೀಂಧ್ರಗಳೊಡನೆ ಬಾಳುತ್ತವೆ. ವರ್ಷ ವರ್ಷವೂ ಬೆಳೆ ಕಾಣುವ ಹೊಲದಲ್ಲಿ ಅವು ಇದ್ದೇ ಇರುತ್ತವೆ.

ಮಣ್ಣುಹುಳು

ಅನುಮಾನಿ ಅವರ ಕೊನೆಯ ಪ್ರಶ್ನೆ ಬಹಳ ಮುಖ್ಯವಾದದ್ದು, ಅದಕ್ಕೆ ಕಪ್ಪು ಮಣ್ಣಿನದೇ ಉದಾಹರಣೆ ಇದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ಪ್ರಾಂತ್ಯಗಳ ಕಪ್ಪು ಜೇಡಿ ಮಣ್ಣಿನಲ್ಲಿ, ತೇವ ಉಳಿಸಿಕೊಳ್ಳುವ ಸಲುವಾಗಿ ಹೊಲವನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆ ಕೂಡ ಇಲ್ಲದಂತೆ ಪಾಳು ಬಿಟ್ಟು ನಂತರ ಬಿತ್ತಿದಾಗ, ನೀರು, ನೈಟ್ರೇಟ್ ಎಲ್ಲವೂ ಸಾಕಷ್ಟಿದ್ದರೂ ಬೆಳೆ ಕುಂಠಿತವಾಗಿ ರಂಜಕ ಮತ್ತು ಸತುವಿನ ಕೊರತೆಯ ಲಕ್ಷಣಗಳನ್ನು ತೋರಿಸುತ್ತಿತ್ತು. ದೀರ್ಘ ಪಾಳಿನ ಕಾಯಿಲೆ ಎಂದೇ ಅದಕ್ಕೆ ಹೆಸರು ಬಿತ್ತು. 1987ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದರ ಮೂಲ ಕಾರಣವನ್ನು ತೋರಿಸಿಕೊಟ್ಟಿತು: ಬೇರಿಲ್ಲದೆ ಬದುಕಲಾರದ ಮೈಕೋರೈಜಾ ಅಷ್ಟು ದೀರ್ಘ ಕಾಲ ಉಪವಾಸ ಬಿದ್ದು ಕ್ಷೀಣಿಸಿತ್ತು. ರೋಗಾಣು ಬಂದದ್ದರಿಂದಲ್ಲ, ಗೆಳೆಯ ಇಲ್ಲವಾದದ್ದರಿಂದ ಬಂದ ಕಾಯಿಲೆ ಅದು.

ಇದರಿಂದ ನಮಗೆ ಸಿಗುವುದು ಕೊಳ್ಳುವ ಸಲಹೆಯಲ್ಲ, ಕಾಯ್ದುಕೊಳ್ಳುವ ಸಲಹೆ. ಹತ್ತಿಗೆ ಮೊದಲು ಜೋಳ, ಮೆಕ್ಕೆಜೋಳ, ಸೂರ್ಯಕಾಂತಿ ಅಥವಾ ದ್ವಿದಳ ಧಾನ್ಯ ಇದ್ದರೆ ಮೈಕೋರೈಜಾ ತುಂಬಿದ ಹೊಲ ಸಿಗುತ್ತದೆ. ಸಾಸಿವೆ, ಎಲೆಕೋಸಿನ ಕುಟುಂಬ ಮತ್ತು ಬೀಟ್‌ರೂಟ್, ಪಾಲಕ್ ಕುಟುಂಬದ ಬೆಳೆಗಳು ಈ ಶಿಲೀಂಧ್ರಕ್ಕೆ ಆಸರೆ ಕೊಡುವುದಿಲ್ಲ. ಅವುಗಳ ನಂತರದ ಹತ್ತಿಗೆ ಆರಂಭ ನಿಧಾನವಾಗಬಹುದು. ಆಳವಾದ ಉಳುಮೆಯೂ ಮಣ್ಣಿನಲ್ಲಿ ಹೆಣೆದುಕೊಂಡಿರುವ ಎಳೆಗಳ ಜಾಲವನ್ನು ಹರಿಯುತ್ತದೆ. ಜಾಲ ಉಳಿದಿದ್ದರೆ ಹೊಸ ಸಸಿಯ ಬೇರು ಅದಕ್ಕೆ ತಗಲಿದ ಕೆಲವೇ ದಿನಗಳಲ್ಲಿ ಸಂಬಂಧ ಕುದುರುತ್ತದೆ. ಹರಿದಿದ್ದರೆ ಬೀಜಕಗಳು ಮೊಳೆತು ಮೊದಲಿನಿಂದ ಶುರುಮಾಡಬೇಕು. ಹಾಗಾದರೆ ಪೊಟ್ಟಣ ಯಾರಿಗೆ? ದೀರ್ಘ ಪಾಳು ಬಿಟ್ಟವರಿಗೆ, ಮೇಲ್ಮಣ್ಣು ಕೊಚ್ಚಿಹೋದ ಅಥವಾ ಕೆರೆದು ಸಮತಟ್ಟು ಮಾಡಿದ ಹೊಲದವರಿಗೆ, ಧೂಮೀಕರಣ ಮಾಡಿದ ಮಣ್ಣಿನವರಿಗೆ.

ಎರೆಹೊಲ

ಎಲ್ಲರಿಗೂ ಧನ್ಯವಾದಗಳು. ನನ್ನ ಹೊಲದಲ್ಲಿ ಹಿಂದಿನ ಎರಡು ವರ್ಷವೂ ಹತ್ತಿ, ಅದಕ್ಕೂ ಹಿಂದೆ ಜೋಳ. ಪಾಳು ಬಿಟ್ಟಿಲ್ಲ. ಹಾಗಾದರೆ ಮೈಕೋರೈಜಾ ಮೊದಲೇ ಇರಬೇಕು. ಆದರೆ ಇದೆ ಎಂದು ನಾನೇ ಕಣ್ಣಾರೆ ನೋಡುವುದು ಹೇಗೆ? ಪರಿಚಿತರ ಶಾಲೆಯ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕವಿದೆ, ಬಳಸಲು ಅನುಮತಿಯೂ ಸಿಗುತ್ತದೆ.

ಬೇರುನೋಟ

ಸೂಕ್ಷ್ಮದರ್ಶಕವಿದ್ದರೆ ಮುಕ್ಕಾಲು ಕೆಲಸ ಮುಗಿದಂತೆ. ಉಳಿದದ್ದಕ್ಕೆ ವಿನೆಗರ್ ಮತ್ತು ಕಪ್ಪು ಫೌಂಟನ್ ಪೆನ್ನಿನ ಶಾಯಿ ಸಾಕು. ಟ್ರಿಪಾನ್ ಬ್ಲೂ ಎಂಬ ಬಣ್ಣ 1970ರಿಂದ ಬಳಕೆಯಲ್ಲಿದೆಯಾದರೂ ಅದು ಆರೋಗ್ಯಕ್ಕೆ ಹಾನಿಕರವೆಂಬ ಶಂಕೆ ಇರುವುದರಿಂದ, 1998ರಲ್ಲಿ ಪ್ರಕಟವಾದ ಶಾಯಿ–ವಿನೆಗರ್ ವಿಧಾನವೇ ನಮ್ಮಂಥವರಿಗೆ ಸೂಕ್ತ.

ಬಿತ್ತಿ ಐದಾರು ವಾರಗಳಾದ ಮೇಲೆ ಗಿಡವನ್ನು ಕಿತ್ತೆಳೆಯಬೇಡಿ. ಎಳೆದರೆ ತಾಯಿಬೇರು ಮಾತ್ರ ಕೈಗೆ ಬಂದು, ನಮಗೆ ಬೇಕಾದ ಕೂದಲಿನಂಥ ಬೇರುಗಳೆಲ್ಲ ಮಣ್ಣಿನಲ್ಲಿಯೇ ಉಳಿಯುತ್ತವೆ. ಬುಡದ ಸುತ್ತಲಿನ ಮಣ್ಣನ್ನು ಹೆಂಟೆಯಾಗಿಯೇ ಎತ್ತಿ, ಬಕೆಟ್ಟಿನಲ್ಲಿ ನೆನೆಹಾಕಿ, ಜರಡಿಯ ಮೇಲೆ ತೊಳೆದು ತೆಗೆಯಿರಿ. ಈ ಸಣ್ಣ ಬೇರುಗಳನ್ನು ಒಂದು ಸೆಂಟಿಮೀಟರ್ ತುಂಡುಗಳಾಗಿ ಕತ್ತರಿಸಿ, ಶೇ. 10ರ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬಿಸಿ ಮಾಡಿ. ಇದು ಚರ್ಮ ಸುಡುವ ಕ್ಷಾರ. ಕೈಗವಸು ಮತ್ತು ಕನ್ನಡಕ ಇಲ್ಲದೆ ಮುಟ್ಟಬಾರದು. ಹತ್ತಿಯ ಬೇರಿನಲ್ಲಿ ಗಾಸಿಪಾಲ್ ಮುಂತಾದ ಬಣ್ಣದ ವಸ್ತುಗಳಿರುವುದರಿಂದ ದ್ರಾವಣ ಬೇಗನೆ ಚಹಾದ ಬಣ್ಣಕ್ಕೆ ತಿರುಗುತ್ತದೆ. ಆಗ ದ್ರಾವಣವನ್ನು ಬದಲಿಸಿ ಮತ್ತೆ ಬಿಸಿ ಮಾಡಬೇಕು, ಬೇರು ಬೆಂದ ಶಾವಿಗೆಯಂತೆ ಬೆಳ್ಳಗಾಗುವವರೆಗೆ. ನೀರಿನಲ್ಲಿ ಚೆನ್ನಾಗಿ ತೊಳೆದ ನಂತರ, ಶೇ. 5ರಷ್ಟು ಶಾಯಿ ಬೆರೆಸಿದ ವಿನೆಗರಿನಲ್ಲಿ ಮೂರು ನಿಮಿಷ ಕುದಿಸಿ, ಕೆಲವು ಹನಿ ವಿನೆಗರ್ ಹಾಕಿದ ನೀರಿನಲ್ಲಿ ಇಪ್ಪತ್ತು ನಿಮಿಷ ಬಿಡಿ. ಹೆಚ್ಚಾದ ಬಣ್ಣ ಇಳಿದುಹೋಗುತ್ತದೆ. ಎಲ್ಲ ಶಾಯಿಗಳೂ ಹಿಡಿಯುವುದಿಲ್ಲ, ಎರಡು ಮೂರನ್ನು ಪ್ರಯತ್ನಿಸಿ.

100 ಪಟ್ಟು ಹಿಗ್ಗಿಸಿ ನೋಡಿದಾಗ ಮೊದಲು ಕಣ್ಣಿಗೆ ಬೀಳುವುದು ಬೇರಿನುದ್ದಕ್ಕೂ ಓಡುವ ನೀಲಿಗಪ್ಪು ಎಳೆಗಳು. ಅವುಗಳಲ್ಲಿ ಬಿದಿರಿನ ಗಿಣ್ಣಿನಂಥ ಅಡ್ಡಗೋಡೆಗಳು ಸಾಲಾಗಿ ಕಂಡರೆ ಅದು ಬೇರಾವುದೋ ಶಿಲೀಂಧ್ರ. ಮೈಕೋರೈಜಾದ ಎಳೆಗಳಲ್ಲಿ ಅಡ್ಡಗೋಡೆ ಇರುವುದು ಅಪರೂಪ. 400 ಪಟ್ಟಿಗೆ ಹೋದರೆ ಜೀವಕೋಶಗಳ ಒಳಗೆ ಪುಟ್ಟ ಮರವೊಂದು ಕವಲೊಡೆದು ಕೋಶವನ್ನೇ ತುಂಬಿದಂತಹ ರಚನೆ ಕಾಣುತ್ತದೆ. ಅದೇ ಅರ್ಬಸ್ಕ್ಯೂಲ್, ರಂಜಕವು ಕೈ ಬದಲಾಗುವ ಜಾಗ. ಅದರ ಆಯುಸ್ಸು ಕೆಲವೇ ದಿನಗಳದ್ದು, ನಂತರ ಗಿಡವೇ ಅದನ್ನು ಕರಗಿಸಿಬಿಡುತ್ತದೆ. ಹಾಗಾಗಿ ಅರ್ಬಸ್ಕ್ಯೂಲ್ ಕಂಡರೆ ವ್ಯವಹಾರ ಈಗ ನಡೆಯುತ್ತಿದೆ ಎಂದೇ ಅರ್ಥ. ಅಂಡಾಕಾರದ ಚೀಲಗಳು ಕಂಡರೆ ಅವು ಶಿಲೀಂಧ್ರವು ಕೊಬ್ಬನ್ನು ಕೂಡಿಟ್ಟ ಉಗ್ರಾಣಗಳು. ಎಣಿಸಲು ತಟ್ಟೆಯ ಅಡಿಯಲ್ಲಿ ಚೌಕಳಿ ಗೆರೆಗಳನ್ನೆಳೆದು, ಬೇರು ಗೆರೆಯನ್ನು ದಾಟುವ ಕನಿಷ್ಠ 100 ಕಡೆಗಳಲ್ಲಿ ಶಿಲೀಂಧ್ರ ಇದೆಯೋ ಇಲ್ಲವೋ ಎಂದು ಗುರುತು ಹಾಕಿಕೊಳ್ಳಿ.

ಲೆಕ್ಕದ ಪುಸ್ತಕ

ಬೇರಿನ ಎಣಿಕೆ ಒಂದು ಕಡೆಯಿರಲಿ. ಮುಂದಿನ ಹಂಗಾಮಿಗೆ ಹೊಲದಲ್ಲಿಯೇ ಸರಿಯಾದ ಪ್ರಯೋಗ ಮಾಡುವುದಾದರೆ ‘ಪುಡಿ ಹಾಕಿದ್ದು, ಹಾಕದ್ದು’ ಎಂಬ ಎರಡೇ ಪಟ್ಟಿಗಳಿಂದ ಏನೂ ತಿಳಿಯುವುದಿಲ್ಲ. ಎರಡು ವರ್ಷ ನೀವು ಮಾಡಿದ್ದು ಅದನ್ನೇ. ಪ್ರಶ್ನೆ ಇರುವುದು ಪುಡಿ ಮತ್ತು ರಂಜಕದ ನಡುವಿನ ಸಂಬಂಧದಲ್ಲಿ. ಆದ್ದರಿಂದ ರಂಜಕವಿಲ್ಲದ, ಅರ್ಧ ರಂಜಕದ, ಪೂರ್ಣ ರಂಜಕದ ಮೂರು ಮಟ್ಟಗಳು, ಪ್ರತಿಯೊಂದರಲ್ಲಿಯೂ ಜೀವಂತ ಪುಡಿ ಮತ್ತು ಬೇಯಿಸಿದ ಪುಡಿ ಎಂದು ಆರು ಪಟ್ಟಿಗಳು ಬೇಕು. ಈ ಆರನ್ನೂ ಹೊಲದ ಬೇರೆಬೇರೆ ನಾಲ್ಕು ಕಡೆ, ಪ್ರತಿ ಕಡೆಯಲ್ಲಿಯೂ ಚೀಟಿ ಎತ್ತಿ ಬಂದ ಕ್ರಮದಲ್ಲಿ ಇಡಬೇಕು. ಹೊಲದ ಇಳಿಜಾರಿನ ಕೆಳಗಿನ ಕಡೆ ಮಣ್ಣು ಸಾಮಾನ್ಯವಾಗಿ ಆಳವಾಗಿ, ಫಲವತ್ತಾಗಿ ಇರುತ್ತದೆ. ಪುಡಿ ಹಾಕಿದ್ದೆಲ್ಲವೂ ಅಲ್ಲಿಯೇ ಬಿದ್ದರೆ ಇಳಿಜಾರಿನ ಫಲವನ್ನು ಪುಡಿಯ ಫಲವೆಂದು ಬರೆದುಕೊಳ್ಳುತ್ತೀರಿ.

ಸಾರಜನಕ ಎಲ್ಲ ಪಟ್ಟಿಗಳಿಗೂ ಒಂದೇ ಆಗಿರಬೇಕು. ಇದಕ್ಕಾಗಿ ರಂಜಕವನ್ನು ಡಿಎಪಿಯ ಬದಲು ಸಿಂಗಲ್ ಸೂಪರ್ ಫಾಸ್ಫೇಟಿನ ಮೂಲಕ ಕೊಟ್ಟು, ಸಾರಜನಕವನ್ನು ಯೂರಿಯಾದಿಂದಲೇ ಕೊಟ್ಟರೆ ಲೆಕ್ಕ ಸುಲಭ. ಸೂಪರ್ ಫಾಸ್ಫೇಟಿನಲ್ಲಿ ಗಂಧಕವೂ ಇರುತ್ತದೆ ಎಂಬುದನ್ನು ಮಾತ್ರ ಮರೆಯದೆ, ರಂಜಕವಿಲ್ಲದ ಪಟ್ಟಿಗೆ ಜಿಪ್ಸಂ ಕೊಟ್ಟು ಸರಿದೂಗಿಸಿ. ಪುಡಿಯನ್ನು ಹರಡಬೇಡಿ, ಬೀಜದಿಂದ ಎರಡು ಮೂರು ಸೆಂಟಿಮೀಟರ್ ಕೆಳಗೆ, ಮೊದಲ ಬೇರು ಇಳಿಯುವ ದಾರಿಯಲ್ಲಿಯೇ ಬೀಳಬೇಕು. ಪಟ್ಟಿಯ ಅಂಚಿನ ಸಾಲುಗಳನ್ನು ಬಿಟ್ಟು ನಡುವಿನ ಸಾಲುಗಳ ಹತ್ತಿಯನ್ನು ಮಾತ್ರ, ಪ್ರತಿ ಬಿಡಿಸುವಿಕೆಗೂ ಬೇರೆಬೇರೆಯಾಗಿ ತೂಗಿ.

ಎರೆಹೊಲ

ನಾಲ್ಕು ವಾರಗಳ ನಂತರ ಬರೆಯುತ್ತಿದ್ದೇನೆ. ಬೇರುನೋಟ ಅವರು ಹೇಳಿದಂತೆಯೇ ಮಾಡಿದೆ. ಮೊದಲ ಬಾರಿ ಕ್ಷಾರದಲ್ಲಿ ಹೆಚ್ಚು ಹೊತ್ತು ಬಿಟ್ಟು ಬೇರುಗಳೆಲ್ಲ ಗಂಜಿಯಾದವು. ಎರಡನೆಯ ಬಾರಿ ಶಾಯಿ ಹಿಡಿಯಲಿಲ್ಲ. ಮೂರನೆಯ ಬಾರಿ ಬೇರೆ ಶಾಯಿ ಬಳಸಿದಾಗ ಕಂಡಿತು. ಆ ಪುಟ್ಟ ಮರವನ್ನು ನೋಡಿದ ಮೇಲೆ ಅರ್ಧ ಗಂಟೆ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ.

ಪುಡಿ ಹಾಕಿದ ಸಾಲಿನಲ್ಲಿಯೂ ಇತ್ತು, ಹಾಕದ ಸಾಲಿನಲ್ಲಿಯೂ ಇತ್ತು. ಎರಡರಲ್ಲಿಯೂ ವಿರಳವೇ, 100 ಕಡೆ ನೋಡಿದರೆ ಎರಡರ ಎಣಿಕೆಯೂ ಹೆಚ್ಚುಕಡಿಮೆ ಒಂದೇ. ಆದರೆ ಅನಿರೀಕ್ಷಿತವಾಗಿ ಮೂರನೆಯ ಹೋಲಿಕೆಯೊಂದು ದೊರೆಯಿತು. ಬಿತ್ತುವಾಗ ಒಂದು ಸಾಲಿನಲ್ಲಿ ಕೂರಿಗೆಯ ಗೊಬ್ಬರದ ಕೊಳವೆ ಕಟ್ಟಿಕೊಂಡು ಸುಮಾರು ಇಪ್ಪತ್ತು ಹೆಜ್ಜೆಗಳ ಉದ್ದಕ್ಕೆ ಡಿಎಪಿ ಬಿದ್ದಿರಲಿಲ್ಲ. ಅಲ್ಲಿಯ ಗಿಡವೊಂದರ ಬೇರನ್ನೂ ನೋಡಿದೆ. ಅದರಲ್ಲಿ ಶಿಲೀಂಧ್ರ ಎದ್ದು ಕಾಣುವಷ್ಟು ಹೆಚ್ಚಿತ್ತು, ಅರ್ಬಸ್ಕ್ಯೂಲ್‌ಗಳು ಪಕ್ಕಪಕ್ಕದ ಕೋಶಗಳಲ್ಲಿ ಸಾಲಾಗಿ ತುಂಬಿದ್ದವು. ಆ ಸಾಲಿಗೆ ಪುಡಿ ಹಾಕಿರಲೇ ಇಲ್ಲ.

ಆದರೆ ಅಲ್ಲಿಯ ಗಿಡಗಳು ಉಳಿದವುಗಳಿಗಿಂತ ಒಂದು ಗಿಣ್ಣಿನಷ್ಟು ಹಿಂದಿವೆ, ಎಲೆಯ ಬಣ್ಣವೂ ತುಸು ತಿಳಿ. ಶಿಲೀಂಧ್ರ ಹೆಚ್ಚಿದ್ದೂ ಗಿಡ ಹಿಂದುಳಿದದ್ದೇಕೆ?

ಬೇರುನೋಟ

ಚೆನ್ನಾಗಿ ನೋಡಿದ್ದೀರಿ. ಎರಡು ಕಾರಣಗಳು ಸಾಧ್ಯ. ಚಿಕ್ಕ ಗಿಡದ ಎಲೆ ಇನ್ನೂ ಕಡಿಮೆ ಇರುವಾಗ ಶಿಲೀಂಧ್ರಕ್ಕೆ ತೆರುವ ಇಂಗಾಲದ ಬಾಡಿಗೆ ಹೊರೆಯಾಗುತ್ತದೆ, ಎಲೆ ಹರಡಿದ ಮೇಲೆ ಆ ಹೊರೆ ಗೊತ್ತಾಗುವುದಿಲ್ಲ. ಆದರೆ ನನಗೆ ಹೆಚ್ಚು ಅನುಮಾನವಿರುವುದು ಲೆಕ್ಕದ ಪುಸ್ತಕ ಅವರು ಹೇಳಿದ ಸಂಗತಿಯ ಮೇಲೆ: ಆ ಇಪ್ಪತ್ತು ಹೆಜ್ಜೆಗಳಿಗೆ ತಪ್ಪಿದ್ದು ರಂಜಕ ಮಾತ್ರವಲ್ಲ, ಡಿಎಪಿಯೊಳಗಿನ ಸಾರಜನಕವೂ ಹೌದು. ತಿಳಿಬಣ್ಣ ಬುಡದ ಹಳೆಯ ಎಲೆಗಳಲ್ಲಿ ಮೊದಲು ಕಂಡಿದ್ದರೆ ಸಾರಜನಕದ್ದೇ. ರಂಜಕದ ಕೊರತೆಯಾಗಿದ್ದರೆ ಎಲೆ ಚಿಕ್ಕದಾಗಿ ಕಡುಹಸಿರಾಗಬೇಕಿತ್ತು.

ಒಂದು ಗಿಡದ ಬೇರಿನಿಂದ ತೀರ್ಮಾನಕ್ಕೆ ಬರಬಾರದು. ಆ ಜಾಗದಿಂದ ಇನ್ನೂ ಮೂರು ನಾಲ್ಕು ಗಿಡಗಳನ್ನು ನೋಡಿ. ಅಲ್ಲಿ ಅರ್ಧ ಉದ್ದಕ್ಕೆ ಮಾತ್ರ, ತಪ್ಪಿದಷ್ಟು ಸಾರಜನಕವನ್ನು ಯೂರಿಯಾ ರೂಪದಲ್ಲಿ ಕೊಟ್ಟು, ಉಳಿದರ್ಧವನ್ನು ಹಾಗೆಯೇ ಬಿಡಿ.

ಎರೆಹೊಲ

ತಿಳಿಬಣ್ಣ ಬುಡದ ಎಲೆಗಳಲ್ಲಿಯೇ ಇದೆ, ಇವತ್ತು ಮತ್ತೆ ಹೋಗಿ ನೋಡಿಕೊಂಡು ಬಂದೆ. ಹತ್ತು ಹೆಜ್ಜೆಗಳಿಗೆ ಯೂರಿಯಾ ಕೊಟ್ಟು, ಎರಡು ಕಡೆಯೂ ಗೂಟ ಹೊಡೆದು ಗುರುತು ಮಾಡಿದ್ದೇನೆ. ಮೊದಲ ಬಿಡಿಸುವಿಕೆಯಲ್ಲಿ ಆ ಎರಡೂ ತುಂಡುಗಳ ಹತ್ತಿಯನ್ನು ಬೇರೆ ಚೀಲಗಳಿಗೆ ಹಾಕಿ ತೂಗಿ ಇಲ್ಲಿಯೇ ಬರೆಯುತ್ತೇನೆ.